ಮಾಳಪ್ಪ ಕಂಡ ಬಿಳುಪು

ಪಕ್ಕದ ಮನೆಯವರು ಇವತ್ತು ಬೆಳಿಗ್ಗೆಯಿಂದ ಗೇಟಿಗೆ ಬಣ್ಣ ಹಚ್ಚಿಸುತ್ತಿದ್ದಾರೆ. ಥಿನ್ನರ್ ವಾಸನೆ ಕಂಪೌಂಡ್ ದಾಟಿ ನಾನು ಪೇಪರ್ ಓದುವ ಕುರ್ಚಿಯವರೆಗೂ ಬಂತು. ಕೆಲವರಿಗೆ ಈ ವಾಸನೆಯಿಂದ ತಲೆನೋವು ಬರುತ್ತದೆ. ನನಗೆ ಹುಮನಾಬಾದಿನ ಮಾಳಪ್ಪ ನೆನಪಾಗುತ್ತಾನೆ, ಅವನ ಜೊತೆಗೇ ನನ್ನ ನಾಲಿಗೆಯ ಒರಟುತನವೂ.

ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಬಸವಕಲ್ಯಾಣದಲ್ಲಿ ನನ್ನದು ಪೈಪು, ಪಂಪ್‌ಸೆಟ್ಟುಗಳ ಅಂಗಡಿ. ಐವತ್ತೈದು ದಾಟಿದ ಮೇಲೆ, ಬುದ್ಧಿ ಬರಬೇಕಾದ ವಯಸ್ಸಿನಲ್ಲಿ, ಹೈದರಾಬಾದಿನ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟ ದೊಡ್ಡ ವಿದೇಶಿ ಕಾರೊಂದನ್ನು ಕೊಂಡೆ. ಉದ್ದನೆಯ ಮೂತಿ, ಚರ್ಮದ ಸೀಟು, ಕೆನೆಯಂಥ ಬಿಳಿ ಬಣ್ಣ. ಬಾಗಿಲು ಹಾಕಿದರೆ ಸಪ್ಪಳವೇ ಇಲ್ಲ. ಆಗಲೇ ಅದಕ್ಕೆ ಹದಿನೆಂಟು ವರ್ಷ. ನಮ್ಮ ಓಣಿಯಲ್ಲಿ ತಿರುಗಿಸಬೇಕೆಂದರೆ ನಾಲ್ಕು ಸಲ ಹಿಂದೆ ಮುಂದೆ ಮಾಡಬೇಕು. "ಇದರಾಗ ಕುಂತ್ರ ನಮ್ಮ ಮನಿಗಿ ನಾವೇ ಬೀಗರಾಗಿ ಬಂದಂಗ ಆಗ್ತದ" ಎಂದಳು ನನ್ನ ಹೆಂಡತಿ. ನಾನು ನಕ್ಕೆ. ಆದರೆ ಒಳಗೊಳಗೆ ಬೀಗರಾಗಿ ಬರುವುದೇ ನನಗೆ ಬೇಕಾಗಿತ್ತು.

ಕೊಂಡ ಮರುವರ್ಷ, ಕಾರು ತೊಳೆಯುವಾಗ ಹಿಂದಿನ ಚಕ್ರದ ಮೇಲೆ ಮೊಡವೆಯಂಥ ಒಂದು ಗುಳ್ಳೆ ಕಂಡಿತು. ಮೊಡವೆ ಕಂಡರೆ ಕೈ ಸುಮ್ಮನಿರುತ್ತದೆಯೇ? ಉಗುರಿನಿಂದ ಕೆರೆದೆ. ಬಣ್ಣದ ಚಕ್ಕೆ ಎದ್ದು ಬಂತು, ಅದರ ಕೆಳಗೆ ಕೆಂಪು ತುಕ್ಕು. ದೊಡ್ಡ ಊರಿನ ವರ್ಕ್‌ಶಾಪಿನಲ್ಲಿ ಆ ಭಾಗವನ್ನೇ ಬದಲಿಸಬೇಕು ಎಂದರು. ನಮ್ಮ ಕಡೆ ಯಾರನ್ನು ಕೇಳಿದರೂ ಒಂದೇ ಮಾತು: "ಹುಮನಾಬಾದಿಗೆ ಹೋಗ್ರಿ, ಮಾಳಪ್ಪಗ ತೋರಸ್ರಿ."

ಮಾಳಪ್ಪ ಹತ್ತಿರದ ಹಳ್ಳಿ ಬೇಮಳಖೇಡದವನು. ಅಣ್ಣಂದಿರು ಇಂದಿಗೂ ಕುರಿ ಕಾಯುತ್ತಾರೆ. ಇವನು ಮಾತ್ರ ಗ್ಯಾರೇಜು ಹಿಡಿದು, ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೂವತ್ತು ವರ್ಷಗಳಿಂದ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಕಂಪನಿಯವರ ಬಣ್ಣದ ಕಾರ್ಡು ಅವನ ಹತ್ತಿರ ಇತ್ತು, ಆದರೆ ಅದರ ಮೇಲೆ ಚಹಾದ ಗ್ಲಾಸು ಇಡುತ್ತಿದ್ದ. ನನ್ನ ಕಾರನ್ನು ಒಂದು ಸುತ್ತು ಹಾಕಿ ನೋಡಿ, "ಇದು ಎಮ್ಮಿ ಹಾಲಿನ ಬಿಳುಪಲ್ರಿ. ಆಕಳ ಹಾಲಿಂದು. ಅದೂ ಕರು ಸಣ್ಣದಿದ್ದಾಗಿಂದು" ಎಂದ.

ನಾನು ಅವಸರ ಮಾಡಿದಾಗ ತುಕ್ಕಿನ ಮೇಲೆ ಬೆರಳಿಟ್ಟು ಒಂದು ಮಾತು ಹೇಳಿದ: "ಜಂಗಿನ ಮ್ಯಾಲ ಬಣ್ಣ ಹಚ್ಚಿದ್ರ ನಿಮಗ ಕಾಣಂಗಿಲ್ಲ, ಅಷ್ಟೇ. ಒಳಗ ಅದು ತಿನ್ಕೋತನೇ ಇರ್ತದ. ಮೊದಲ ಖರೇ ಕಬ್ಬಣ ಕಾಣಬೇಕ್ರಿ." ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೂ ಉಜ್ಜಿದ, ಪ್ರೈಮರ್ ಹೊಡೆದ, ಒಣಗಲು ಬಿಟ್ಟ, ಮತ್ತೆ ಉಜ್ಜಿದ. ನಾಲ್ಕನೆಯ ದಿನ ಹೋಗಿ ನೋಡಿದರೆ ಗುಳ್ಳೆ ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ.

ಮೂರು ವರ್ಷದ ಮೇಲೆ ಮುಂದಿನ ಬಾಗಿಲಿನ ಕೆಳ ಅಂಚು ತುಕ್ಕು ಹಿಡಿಯಿತು. ಮತ್ತೆ ಅವನಲ್ಲಿಗೇ ಒಯ್ದೆ. ಕೆಲಸ ಮುಗಿದ ದಿನ ಶೆಡ್ಡಿನ ನೆರಳಿನಲ್ಲಿ ಎಲ್ಲ ಸರಿಯಾಗಿಯೇ ಕಂಡಿತು. ವಾಪಸು ಬರುವಾಗ ರಾಜೇಶ್ವರದಲ್ಲಿ ಚಹಾಕ್ಕೆ ನಿಂತೆ. ಚಹಾದವನು ಕಾರನ್ನು ನೋಡಿ, "ಬಾಗಲಾ ಬ್ಯಾರೆ ಗಾಡೀದು ಹಾಕ್ಸೀರೇನ್ರಿ?" ಎಂದ. ತಿರುಗಿ ನೋಡಿದೆ. ಸುಡುಬಿಸಿಲಿನಲ್ಲಿ ಇಡೀ ಕಾರು ಹಾಲಿನಂತಿತ್ತು, ಆ ಬಾಗಿಲೊಂದು ತುಪ್ಪದಂತಿತ್ತು.

ಚಹಾ ಅಲ್ಲಿಯೇ ಬಿಟ್ಟು ಗಾಡಿ ತಿರುಗಿಸಿದೆ. ಶೆಡ್ಡಿನಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರೆಲ್ಲರೆದುರು ಕೂಗಿದೆ: "ಮಾಳಪ್ಪ, ಕಣ್ಣ ಕಾಣ್ತಾವೋ ಇಲ್ಲೋ ನಿನಗ?"

ಅವನು ಕೈ ಒರೆಸಿಕೊಳ್ಳುತ್ತ ಬಂದ. ಬಾಗಿಲ ಮುಂದೆ ಬಾಗಿದ. ಮುಖ ಓರೆ ಮಾಡಿ ಒಮ್ಮೆ ಅದನ್ನು, ಒಮ್ಮೆ ಹಿಂದಿನ ಬಾಗಿಲನ್ನು ನೋಡಿದ. ಕೊನೆಗೆ ಅಂಗೈಯಿಂದ ಸವರಿದ. "ಎರಡೂ ಒಂದೇ ಅವ ಅಲ್ರಿ" ಎಂದ, ಮೆಲ್ಲಗೆ. ಆ ದನಿಯಲ್ಲಿ ವಾದವಿರಲಿಲ್ಲ. ಅವನಿಗೆ ನಿಜಕ್ಕೂ ಕಾಣುತ್ತಿಲ್ಲ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಗಿರಾಕಿಗಳು ನೆಲ ನೋಡುತ್ತಿದ್ದರು. ಇಷ್ಟಾದರೂ ನಾನು ಒಂದು ಮೆತ್ತನೆಯ ಮಾತು ಆಡಲಿಲ್ಲ. ಕಾರು ಹತ್ತಿ ಬಂದುಬಿಟ್ಟೆ.

ನಾಲ್ಕು ತಿಂಗಳು ಆ ಕಡೆ ಹಾಯಲಿಲ್ಲ. ಒಂದು ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡ ಒಬ್ಬ ಮನುಷ್ಯ ಬಸ್ಸಿಳಿದು ಅಂಗಡಿಗೆ ಬಂದ. ಮಾಳಪ್ಪ! "ಗಾಡಿ ಎಲ್ಲದ್ರಿ?" ಎಂದಷ್ಟೇ ಕೇಳಿದ. ತೋರಿಸಿದೆ. ಕನ್ನಡಕ ತೆಗೆದು ನೋಡಿದವನು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟ.

"ಛೇ, ಛೇ. ಇದು ನನ್ನ ಕೈಲೆ ಆಗ್ಯಾದೇನ್ರಿ?"

ಎರಡೂ ಕಣ್ಣಿಗೆ ಪೊರೆ ಬಂದಿತ್ತಂತೆ. ಬೀದರಿಗೆ ಹೋಗಿ ತೆಗೆಸಿಕೊಂಡು ಬಂದಿದ್ದ. "ಪಟ್ಟಿ ಬಿಚ್ಚಿ ಮನಿಗಿ ಬಂದ್ರ, ನಮ್ಮ ಅಣ್ಣನ ಬಿಳಿ ಕುರಿ ಎಲ್ಲಾ ಯಾರೋ ತೊಳದು ಬಿಟ್ಟಂಗ ಕಂಡ್ವುರಿ. ಆಗ ನಿಮ್ಮ ಬಾಗಲಾ ನೆನಪಾತ್ರಿ. ಎರಡು ವರ್ಷ ಎಷ್ಟ್ ಮಂದಿ ಗಾಡಿ ಹಿಂಗ ಮಾಡೀನೋ! ಒಬ್ರೂ ಅನ್ನಲಿಲ್ಲ. ನೀವೊಬ್ರೇ ಹೇಳಿದ್ರಿ. ನಿಮ್ಮಿಂದ ನನಗ ಕಣ್ಣ ಬಂದ್ವು."

ಆಗಲೇ ನಿಜ ಹೇಳಬೇಕಾಗಿತ್ತು. ಹೇಳಲಿಲ್ಲ. ದೊಡ್ಡ ಮನುಷ್ಯನಂತೆ ತಲೆಯಾಡಿಸಿ ಅವನಿಗೆ ಚಹಾ ತರಿಸಿದೆ.

ಮುಂದಿನ ವಾರ ಬಾಗಿಲನ್ನು ಮತ್ತೆ ಮಾಡಿಕೊಡಲು ಕರೆದ. ಹೋಗಿ ಅವನ ಪಕ್ಕದಲ್ಲೇ ಡಬ್ಬವೊಂದನ್ನು ಬೋರಲು ಹಾಕಿ ಕುಳಿತೆ. ಅಷ್ಟರಲ್ಲಿ ನಿರ್ಣಾದ ರೈತರೊಬ್ಬರು ತಮ್ಮ ಜೀಪಿನಲ್ಲಿ ಬಂದು ನಿಂತರು. ಮಾಳಪ್ಪ ಎದ್ದು ಹೋಗಿ, "ಈ ಮುಂದಿನ ಬಣ್ಣ ತಪ್ಪ್ಯಾದ್ರಿ. ಬಿಟ್ಟು ಹೋಗ್ರಿ, ಸರಿ ಮಾಡ್ತೀನಿ" ಎಂದ.

"ನನಗ ಅವತ್ತೇ ಕಂಡಿತ್ತು ಮಾಳಪ್ಪ. ಇಷ್ಟ್ ವರ್ಷದ ಪರಿಚಯ, ಹ್ಯಾಂಗ ಹೇಳಬೇಕಂತ ಸುಮ್ನಿದ್ದೆ" ಎಂದರು ಅವರು.

ಮಾಳಪ್ಪನ ಮುಖ ಸಣ್ಣದಾಯಿತು. ನಾನು ಕೂಗಾಡಿದ ದಿನವೂ ಅದು ಹಾಗೆ ಆಗಿರಲಿಲ್ಲ. ಜೀಪಿನವರು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. "ಮಾಳಪ್ಪ, ನಾ ಏನ್ ನಿನ್ನ ಕಣ್ಣಿನ ಸಲುವಾಗಿ ಹೇಳಲಿಲ್ಲಪಾ. ಕಾರಿನ ಸಲುವಾಗಿ ಬೈದೆ. ತಿಳಿದ ಮ್ಯಾಲೂ ಸುಮ್ನ ಎದ್ದು ಹೋದೆ."

ಮತ್ತೆ ಬಾಗಿಲು ಉಜ್ಜತೊಡಗಿದ್ದ ಅವನು ಕೈ ನಿಲ್ಲಿಸಲಿಲ್ಲ. "ಗೊತ್ತದ್ರಿ. ನಾ ಏನ್ ಸುಮ್ನ ಕುಂತಿದ್ದೆನೇನು? ಮನಿಗಿ ಹೋಗಿ ನಿಮಗ ಎಷ್ಟ್ ಬೈದೀನಿ, ನನ್ನ ಹೆಂಡ್ತಿಗಿ ಕೇಳ್ರಿ. ಎಲ್ಲಾ ಕೇಳಿ ಅಕಿ ಅಂದ್ಳು, ಬೈಯೂದು ಮುಗೀತಂದ್ರ ನಾಳೆ ಕಣ್ಣ ತೋರ್ಸಕೊಂಡ ಬರ್ರಿ ಅಂತ."

ಇಬ್ಬರೂ ನಕ್ಕೆವು. ಬಾಗಿಲಿನ ಧೂಳು ಒರೆಸುತ್ತ ಅವನೇ ಅಂದ: "ಮುಂದೂ ಏನರೆ ಕಂಡ್ರ ಹೇಳ್ರಿ. ಜರಾ ಸಣ್ಣ ದನೀಲೆ, ಅಷ್ಟೇ."

ಇವತ್ತು ಕುರ್ಚಿಯಲ್ಲಿ ಇಷ್ಟು ನೆನೆಯುತ್ತ ಕುಳಿತಾಗ ನನ್ನ ತಲೆಯಲ್ಲಿ ಬೇರೆಯೇ ಒಂದು ಹುಳ ಹೊಕ್ಕಿತು. ಕೆಲವು ತಿಂಗಳಿಂದ ಅಂಗಡಿಗೆ ಬರುವವರು ಮೇಜಿನ ಮೇಲೆ ಬಾಗಿ ಜೋರಾಗಿ ಮಾತಾಡುತ್ತಾರೆ. ಹೊಲದಲ್ಲಿ ಕೂಗಿ ಮಾತಾಡುವ ಮಂದಿ, ಅಭ್ಯಾಸ ಎಂದುಕೊಂಡಿದ್ದೆ. ಆದರೆ ಬ್ಯಾಂಕಿನ ಹುಡುಗಿಯೂ ಹಾಗೆಯೇ ಮಾತಾಡುತ್ತಾಳಲ್ಲ?

ಎದ್ದು ಒಳಗೆ ಹೋದೆ. ಹೆಂಡತಿ ಮೆಂತೆ ಸೊಪ್ಪು ಸೋಸುತ್ತಿದ್ದಳು. "ನನಗ ಏನರೆ ಹೇಳಬೇಕಂತ ಮಾಡಿ, ಹೇಳದೇ ಬಿಟ್ಟದ್ದು ಅದ ಏನು?" ಎಂದು ಕೇಳಿದೆ.

ಅವಳು ನನ್ನನ್ನೇ ದಿಟ್ಟಿಸಿದಳು. ಸೊಪ್ಪು ಪಕ್ಕಕ್ಕೆ ಸರಿಸಿ, ಎದುರಿನ ಮಣೆ ತೋರಿಸಿ, "ಕುಂದರ್ರಿ" ಎಂದಳು. ಅದಕ್ಕೂ ಮೊದಲೇ ಒಮ್ಮೆ "ಕುಂದರ್ರಿ" ಅಂದಿದ್ದಳಂತೆ. ನನಗೆ ಕೇಳಿಸಿದ್ದು ಎರಡನೆಯ ಸಲದ್ದು.