ಬಿಡ್ತು ಅನ್ರಿ

ಬೆಟಗೇರಿಯ ಅನ್ನಪೂರ್ಣವ್ವನ ಮನೆಯಲ್ಲಿ ಅಕ್ಕಿ ತೀರುತ್ತಿರಲಿಲ್ಲ, ಹೆಚ್ಚಾಗುತ್ತಿತ್ತು. ದೀಪ ಆರುತ್ತಿರಲಿಲ್ಲ, ದೊಡ್ಡದಾಗುತ್ತಿತ್ತು. ಹೊಸಿಲು ದಾಟುವವರು ಯಾರೇ ಆಗಲಿ 'ಹೋಗ್ತೀನಿ' ಅನ್ನುವಂತಿರಲಿಲ್ಲ. ಅಪ್ಪಿತಪ್ಪಿ ಅಂದರೆ ಬೀದಿಯ ತಿರುವಿನಿಂದ ವಾಪಸ್ಸು ಕರೆಸಿ, 'ಬರ್ತೀನಿ' ಅನ್ನಿಸಿಯೇ ಕಳಿಸುತ್ತಿದ್ದಳು. ಕರೆಂಟ್ ಬಿಲ್ಲಿನವನಿಗೂ ರಿಯಾಯಿತಿ ಇರಲಿಲ್ಲ. ಕೆಟ್ಟ ಮಾತು ಬಾಯಿಂದ ಬಿದ್ದರಂತೂ ಅಲ್ಲೇ, ನಿಂತ ಕಾಲ ಮೇಲೆ, 'ಬಿಡ್ತು' ಅನ್ನಬೇಕು. ಹಾಗಂದರೆ ಆಡಿದ್ದು ಆಡದಂತಾಗುತ್ತದೆ ಎಂಬುದು ಅವಳ ನಂಬಿಕೆ.

ನಗುವವರು ನಗಲಿ. ಅವಳು ಸಣ್ಣವಳಿದ್ದಾಗ ಲಕ್ಕುಂಡಿಯ ಮನೆಯಲ್ಲಿ ಜಗಳವಾಡಿದ ತಂದೆ, 'ಹೋಗ್ತೀನಿ, ಇನ್ನ ತಿರುಗಿ ಬರಂಗಿಲ್ಲ' ಎಂದು ಹೊಲಕ್ಕೆ ಹೊರಟವನು, ಹಾವು ಕಚ್ಚಿ ಸಂಜೆಗೆ ಹೆಣವಾಗಿ ಬಂದಿದ್ದ. ಬಿಡ್ತು ಅನ್ನಿಸಬೇಕೆಂದು ಅಂದು ಯಾರಿಗೂ ಹೊಳೆದಿರಲಿಲ್ಲ.

ಅವಳ ಗಂಡ ವಿರೂಪಾಕ್ಷಪ್ಪನಿಗೆ ಗದಗಿನಲ್ಲಿ ಕಾಳುಕಡಿಯ ಅಂಗಡಿ. ಅಂಗಡಿಯ ಹಮಾಲ ಯಮನೂರಸಾಬನ ಎಡಗಣ್ಣಿಗೆ ಚೀಲ ಹೊಲಿಯುವ ದಬ್ಬಣ ತಗುಲಿ, ಗುಡ್ಡೆಯ ಮೇಲೆ ಬೆಳ್ಳಗೆ ಹೂ ಬಿದ್ದು ಕಣ್ಣು ಹೋಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸತ್ತವರೊಬ್ಬರ ಕಣ್ಣು ಜೋಡಿಸಿದರು. ಕೆಲ ತಿಂಗಳ ಮೇಲೆ ಅವನು ಅಂಗಡಿಗೆ ಬಂದು, ಬಲಗಣ್ಣು ಮುಚ್ಚಿಕೊಂಡು, ಸಾಹುಕಾರನ ಮೀಸೆಯಲ್ಲಿದ್ದ ಬಿಳಿ ಕೂದಲನ್ನು ಬೆರಳಿಟ್ಟು ತೋರಿಸಿದ. ವಿರೂಪಾಕ್ಷಪ್ಪನಿಗೆ ಅದೇ ಹುಚ್ಚು ಹಿಡಿಯಿತು. ಮರುದಿನವೇ ಕಣ್ಣಾಸ್ಪತ್ರೆಗೆ ಹೋಗಿ, ಸತ್ತ ಮೇಲೆ ಕಣ್ಣು ಕೊಡುವುದಾಗಿ ತನ್ನ ಹೆಸರು ಬರೆಸಿ ಬಂದ. ಕಂಡ ಕಂಡವರಿಗೆಲ್ಲ ಹೇಳಿದ, ಮಗ ವೀರುವಿಗೂ ಹೇಳಿದ. ಹೆಂಡತಿಗೆ ಹೇಳುವುದೇ ಪಜೀತಿಯಾಯಿತು.

"ಕೇಳಿಲ್ಲೆ, ನಾ ಸತ್ತ ಮ್ಯಾಲ ನನ್ನ ಕಣ್ಣ..." ಎಂದು ಊಟಕ್ಕೆ ಕೂತಾಗ ಶುರುಮಾಡಿದ.

"ಬಿಡ್ತು ಅನ್ರಿ." ರೊಟ್ಟಿ ಹಿಡಿದ ಅವಳ ಕೈ ಅಲ್ಲೇ ನಿಂತಿತು.

"ಮಾತ ಪೂರಾ ಕೇಳರ ಕೇಳ."

"ಅನ್ನೂತನಕ ರೊಟ್ಟಿ ಬೀಳಂಗಿಲ್ಲ."

ಹಸಿದ ಮನುಷ್ಯ. "ಆತವಾ ತಾಯಿ, ಬಿಡ್ತು," ಅಂದ. ಬಿಸಿ ರೊಟ್ಟಿ ತಾಟಿಗೆ ಬಿತ್ತು. ದೀಪಾವಳಿಯಲ್ಲಿ ವೀರುವಿನ ಎದುರಿಗೇ ಮತ್ತೆ ಮಾತು ತೆಗೆದ. ಆಗಲೂ ಅದೇ ಕಥೆ. ವೀರು ಬಿದ್ದು ಬಿದ್ದು ನಕ್ಕ.

ಶ್ರಾವಣದ ಒಂದು ಮುಂಜಾನೆ, ಸ್ನಾನ ಮಾಡಿ ಪೂಜೆಗೆ ಕೂತ ವಿರೂಪಾಕ್ಷಪ್ಪ ಕೂತಲ್ಲೇ ವಾಲಿದ. ಡಾಕ್ಟರು ಬಂದು ಕೈ ಹಿಡಿದು ನೋಡಿ, ಜೀವ ಹೋಗಿದೆ ಅಂದರು. ವೀರು ಅಳುತ್ತಲೇ ಫ್ಯಾನು ಬಂದ್ ಮಾಡಿ, ಅಪ್ಪನ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಕಣ್ಣಾಸ್ಪತ್ರೆಗೆ ಫೋನು ಮಾಡಿದ. ಅಪ್ಪ ಹೇಳಿಕೊಟ್ಟಿದ್ದೇ ಹಾಗೆ. ಅಲ್ಲಿಂದ ಅನೀಸ ಎಂಬವರು ಪೆಟ್ಟಿಗೆ ಹಿಡಿದು ಬಂದರು. ಅನ್ನಪೂರ್ಣವ್ವ ಬಾಗಿಲಿಗೆ ಅಡ್ಡ ನಿಂತಳು.

"ರೆಪ್ಪಿ ಮುಚ್ಚಿದ ಮ್ಯಾಲ ಏನೂ ಗೊತ್ತಾಗಂಗಿಲ್ರಿ ಅವ್ವಾರ, ಮುಖ ಇದ್ದಂಗ ಇರ್ತೈತಿ," ಅಂದರು ಅನೀಸ. "ಆದ್ರ ಆರ ತಾಸಿನೊಳಗ ಆಗಬೇಕು. ಮನಿಯವರು ಹೂಂ ಅನ್ನದ ನಾವ ಮುಟ್ಟಂಗಿಲ್ಲ."

"ಅಪ್ಪನ ಆಸೆ ಅದು, ಅವ್ವಾ," ಅಂದ ವೀರು. "ನಿನ್ನ ಮುಂದನ ಹೇಳ್ಯಾನ."

"ನನ್ನ ಮುಂದನ ಬಿಡ್ತು ಅಂದಾರ."

"ನೀ ಅನಿಸಿದ್ದಿ."

"ಬಾಯಿ ಅವರದ."

ಈ ಹಟಕ್ಕೆ ಬೈಯಬೇಕೋ, ಜೊತೆಗೆ ಕೂತು ಅಳಬೇಕೋ. ಅವಳ ಎದೆಯೊಳಗೆ ಇದ್ದದ್ದು ಒಂದೇ ಭಯ. ಈಗ ಹೂಂ ಅಂದರೆ ಅಷ್ಟು ವರ್ಷ ಅನ್ನಿಸಿದ ಬಿಡ್ತುಗಳೆಲ್ಲ ಸುಳ್ಳಾಗುತ್ತವೆ, ಗಂಡ ಖರೇನೇ ಸತ್ತಂತಾಗುತ್ತದೆ. ಅನೀಸ ಕಟ್ಟೆಯ ಮೇಲೆ ಕೂತು ಕಾದರು. ಮಧ್ಯಾಹ್ನ ಎದ್ದು ಹೋದರು.

ಡೋಣಿ ಎಂಬ ಹಳ್ಳಿಯ ಬೀಗರ ಮನೆಗೆ ಹೋಗಿದ್ದ ಯಮನೂರಸಾಬ ಖಬರ ತಿಳಿದು ಬಸ್ಸು ಹಿಡಿದು ಬರುವಷ್ಟರಲ್ಲಿ ಹೊತ್ತು ವಾಲಿತ್ತು. ಹಣೆತುಂಬ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದ್ದ ಸಾಹುಕಾರನ ಮುಂದೆ ಅವನು ಮೊಣಕಾಲೂರಿ ಅತ್ತ. ಅನ್ನಪೂರ್ಣವ್ವ ಅವನ ಎಡಗಣ್ಣಿನಿಂದ ಇಳಿಯುವ ನೀರನ್ನೇ ನೋಡಿದಳು.

"ಆ ಕಣ್ಣ ಕೊಟ್ಟವರು ಯಾರ ಮನಿಯವರೋ?" ಎಂದು ಮೆಲ್ಲಗೆ ಕೇಳಿದಳು.

"ಗೊತ್ತಿಲ್ರಿ ಅವ್ವಾರ. ಹೆಸರ ಹೇಳಂಗಿಲ್ಲಂತ. ಯಾರರ ಇರಲಿ, ದಿನಾ ಅವರಿಗೆ ದುವಾ ಮಾಡ್ತೀನ್ರಿ." ಮೂಗೊರೆಸಿಕೊಂಡು ಅವನು ಕೇಳಿದ, "ಸಾವ್ಕಾರ್ರ ಕಣ್ಣ ತಗೊಂಡ ಹೋದ್ರೇನ್ರಿ?"

ನಾಚಿಕೆಯಿಂದ ಅವಳ ಮೈಯೆಲ್ಲ ಬಿಸಿಯಾಯಿತು.

"ವೀರೂ, ಅವರನ್ನ ಮತ್ತ ಕರಿ," ಅಂದಳು.

ವೀರು ಫೋನು ಹಚ್ಚಿ ಅವಳ ಕೈಗೇ ಕೊಟ್ಟ.

"ವ್ಯಾಳ್ಯಾ ಮೀರೇತ್ರಿ ಅವ್ವಾರ," ಅಂದರು ಅನೀಸ. "ಇನ್ನ ಆ ಕಣ್ಣ ಯಾರಿಗೂ ಬರಂಗಿಲ್ಲ."

"ಹಂಗಾರ ನನ್ನ ಹೆಸರ ಬರಕೋರಿ."

"ಬರಕೋತೀವ್ರಿ. ಆದ್ರ ಮನ್ಯಾಗ ಹೇಳಿಡ್ರಿ. ಆ ಹೊತ್ತಿಗೆ ಹೂಂ ಅನ್ನಬೇಕಾದವರು ಅವರ."

ಫೋನು ಕೆಳಗಿಟ್ಟು, ತುಂಬಿದ ಮಂದಿಯ ನಡುವೆ, ಜೀವಮಾನದಲ್ಲಿ ಆಡದ ಮಾತನ್ನು ಅವಳು ಆಡಿದಳು.

"ವೀರೂ, ನಾ ಸತ್ತ ಕೂಡಲೇ ನನ್ನ ಕಣ್ಣ ಕೊಟ್ಟಬಿಡು. ಕೇಳಿಸ್ತಿಲ್ಲೋ?"

ವೀರು ಅಪ್ಪನ ಕೊರಳ ಹೂಮಾಲೆಯನ್ನು ಸರಿಮಾಡುತ್ತಿದ್ದ. ತಾಯಿಯ ಕಡೆ ತಿರುಗಲಿಲ್ಲ.

"ಕೇಳಿಸ್ತವ್ವಾ," ಅಂದ. "ಅಪ್ಪ ಹೇಳಿದ್ದೂ ಕೇಳಿಸಿತ್ತು."