ಉಪ್ಪಿನ ಡಬ್ಬಿಯಲ್ಲಿ ತುರ್ತು ವಿಭಾಗ

ಬೆಳಗಿನ ಐದೂ ಇಪ್ಪತ್ತು. ಆಸ್ಪತ್ರೆಯ ನೆಲಮಹಡಿಯ ಕೊನೆಯ ಕೋಣೆಯಲ್ಲಿ ಇನ್ನೂ ದೀಪ ಹಾಕಿಲ್ಲ. ಹಾಕುವ ಅಗತ್ಯವೂ ಇಲ್ಲ. ಕಿಟಕಿಯಾಚೆ ಕತ್ತಲು ಬೂದಿಯ ಬಣ್ಣಕ್ಕೆ ತಿರುಗುತ್ತಿದೆ. ಒಳಗೆ ಕಂಪ್ಯೂಟರಿನ ಪರದೆಯೊಂದೇ ಬೆಳಗುತ್ತಿದೆ. ಅದರ ಮುಂದೆ ಕುಳಿತ ಹೆಂಗಸು ಅದರತ್ತ ಮುಖ ಮಾಡಿಲ್ಲ, ಗೋಡೆಯ ಕಡೆ ತಿರುಗಿ ಏನನ್ನೋ ಆಲಿಸುತ್ತಿದ್ದಾರೆ. ಕಿವಿಗೆ ಹೆಡ್‌ಫೋನು, ಬೆರಳು ಕೀಲಿಮಣೆಯ ಮೇಲೆ. ಫೋನು ಬರುತ್ತದೆ. ಆ ತುದಿಯವರ ಮಾತು ಮುಗಿಯುವುದಕ್ಕೂ ಬೆರಳು ಚಲಿಸುವುದಕ್ಕೂ ನಡುವೆ ಸಂದೇ ಇಲ್ಲ. ಕೆಳಕ್ಕೆ ಎರಡು, ಬಲಕ್ಕೆ ನಾಲ್ಕು, ಒಂದು ಒತ್ತು. ಕರೆ ಮೂಳೆ ವಿಭಾಗಕ್ಕೆ ಹೋಯಿತು. ಏಳು ಸೆಕೆಂಡು.

ಆಸ್ಪತ್ರೆಯಲ್ಲಿ ಇವರ ಹೆಸರು ಅರ್ಧ ಜನಕ್ಕೆ ತಿಳಿಯದು. ಒಳಗಿನ ಯಾವ ಫೋನಿನಿಂದಾದರೂ ಸೊನ್ನೆ ಒತ್ತಿದರೆ ಸಿಗುವುದು ಇವರೇ. ಹಾಗಾಗಿ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಇವರು ಸೊನ್ನೆಯಕ್ಕ. ವಯಸ್ಸು ನಲವತ್ತಾರು. ಈ ಕುರ್ಚಿಯಲ್ಲಿ ಕುಳಿತು ಇಪ್ಪತ್ತೊಂದು ವರ್ಷ. ಐದನೆಯ ವಯಸ್ಸಿನಲ್ಲಿ ಬಂದ ಜ್ವರ ಎರಡೂ ಕಣ್ಣು ತೆಗೆದುಕೊಂಡು ಹೋಯಿತು. ಆಮೇಲೆ ಉಳಿದದ್ದು ಒಂದೇ ಬಣ್ಣ, ಯಾವುದೋ ಬಕೆಟ್ಟಿನ ಹಳದಿ. ಕನಸಿನಲ್ಲಿ ಈಗಲೂ ಅದೊಂದೇ ಬಣ್ಣ ಬರುತ್ತದೆ ಎನ್ನುತ್ತಾರೆ. ಅದರ ಬಗ್ಗೆ ಹೆಚ್ಚು ಮಾತಾಡುವುದು ಅವರಿಗೆ ಇಷ್ಟವಿಲ್ಲ. ‘ಕಣ್ಣಿಲ್ಲ ಅನ್ನೋದು ಸುದ್ದಿ ಅಲ್ಲ. ಫೋನ್ ಲೇಟಾಯ್ತು ಅನ್ನೋದು ಸುದ್ದಿ’ ಎನ್ನುತ್ತಾರೆ.

ಒಂದು ಪಾಳಿಗೆ ಸುಮಾರು ಮುನ್ನೂರ ಎಂಬತ್ತು ಕರೆ. ಸೋಮವಾರ ನಾನೂರ ಐವತ್ತು ದಾಟುತ್ತದೆ. ಆಸ್ಪತ್ರೆಯೊಳಗಿನ ಇನ್ನೂರ ಹದಿನಾಲ್ಕು ಫೋನುಗಳ ಸಂಖ್ಯೆಯೂ ಅವರಿಗೆ ಬಾಯಿಪಾಠ. ಆದರೆ ಇವತ್ತು ಯಾವ ವಿಭಾಗದಲ್ಲಿ ಯಾವ ಡಾಕ್ಟರಿದ್ದಾರೆ ಎನ್ನುವುದು ದಿನಕ್ಕೊಂದು ರೀತಿ. ಅದು ಇರುವುದು ಕಂಪ್ಯೂಟರಿನಲ್ಲಿ. ಕರೆಯನ್ನು ಸೇರಿಸುವುದೂ ಅದರಿಂದಲೇ. ಪರದೆಯ ಮೇಲಿರುವುದನ್ನು ಓದಿ ಹೇಳುವ ದನಿಯೊಂದು ಅವರ ಎಡಗಿವಿಯಲ್ಲಿದೆ, ಮನುಷ್ಯರು ಬಲಗಿವಿಯಲ್ಲಿ. ಎಡಗಿವಿಯ ದನಿಯನ್ನು ಅವರು ಎಷ್ಟು ವೇಗಕ್ಕೆ ಇಟ್ಟಿದ್ದಾರೆಂದರೆ, ಬೇರೆಯವರಿಗೆ ಅದು ಜೀರುಂಡೆ ಕೂಗಿದ ಹಾಗೆ ಕೇಳುತ್ತದೆ.

ಆ ಪರದೆಯನ್ನು ಅವರು ಕಂಡವರಲ್ಲ. ಆದರೂ ಅದು ಅವರ ಕನಸಿಗೆ ಬರುತ್ತಿತ್ತು, ಮನೆಯಾಗಿ. ಬಾಗಿಲು ಎಡಮೂಲೆಯಲ್ಲಿ. ಒಳಗೆ ಉದ್ದನೆಯ ಹಜಾರ. ಏಳು ಹೆಜ್ಜೆ ನಡೆದು ಬಲಕ್ಕೆ ತಿರುಗಿದರೆ ಮಕ್ಕಳ ವಿಭಾಗದ ಕೋಣೆ, ಅಲ್ಲಿಂದ ಇನ್ನೆರಡು ಹೆಜ್ಜೆಗೆ ಶಸ್ತ್ರಚಿಕಿತ್ಸೆಯವರು. ಗೋಡೆಗಳು ತಣ್ಣಗಿರುತ್ತಿದ್ದವು. ಎಲ್ಲ ಬಾಗಿಲೂ ಕೈಯಿಟ್ಟರೆ ತೆರೆಯುತ್ತಿದ್ದವು. ಒಂಬತ್ತು ವರ್ಷ ಆ ಮನೆಯಲ್ಲಿ ಅವರು ಒಮ್ಮೆಯೂ ಎಡವಲಿಲ್ಲ.

ಕಳೆದ ವರ್ಷದ ಒಂದು ಭಾನುವಾರ ಆಸ್ಪತ್ರೆಯ ತೊಂಬತ್ತು ಕಂಪ್ಯೂಟರುಗಳಿಗೂ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದರು. ಯಂತ್ರ ಹಳೆಯದೇ, ಅದರೊಳಗಿನ ವ್ಯವಸ್ಥೆ ಪೂರ್ತಿ ಹೊಸತು. ಎಡಮೂಲೆಯಲ್ಲಿದ್ದ ಗುಂಡಿ ನಡುವಿಗೆ ಬಂತು. ಪಟ್ಟಿಯಾಗಿದ್ದದ್ದು ಚೌಕಗಳಾಯಿತು. ಸೋಮವಾರ ಬೆಳಿಗ್ಗೆ ಇಡೀ ಆಸ್ಪತ್ರೆ ತಲೆ ಚಚ್ಚಿಕೊಂಡಿತು. ಚೀಟಿ ಕೊಡುವ ಗುಮಾಸ್ತೆಗೆ ತಾನು ಉಳಿಸಿಟ್ಟ ಕಡತ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ದಾಖಲೆ ಕೋಣೆಯ ಹಿರಿಯರಿಗೆ ಕಂಪ್ಯೂಟರನ್ನು ಆರಿಸುವ ಗುಂಡಿಯೇ ಸಿಗದೆ, ಅವರು ಸಂಜೆ ಗೋಡೆಯಿಂದ ಪ್ಲಗ್ ಕಿತ್ತು ಮನೆಗೆ ಹೋದರು. ಹಾಗೆ ಆರು ದಿನ ಕಿತ್ತರು.

ಅವರಿಗೆಲ್ಲ ಹುಡುಕುವುದಕ್ಕೆ ಕಣ್ಣಿತ್ತು. ಸೊನ್ನೆಯಕ್ಕನಿಗೆ ಇದ್ದದ್ದು ಲೆಕ್ಕ ಮಾತ್ರ. ಅಂದು ಐದೂ ಐವತ್ತಕ್ಕೆ ಹೆರಿಗೆ ಕೋಣೆಯಿಂದ ದಾದಿ ಸೊನ್ನೆ ಒತ್ತಿದರು, ಮಕ್ಕಳ ಡಾಕ್ಟರು ಬೇಗ ಬೇಕು ಎಂದರು. ಹೊಸ ಜೋಡಣೆಯ ಸುಳಿವು ಅದಾಗಲೇ ಎಡಗಿವಿಗೆ ಬಿದ್ದಿತ್ತು. ಬೆರಳಿಗೆ ಅದು ತಿಳಿದಿರಲಿಲ್ಲ. ಕೆಳಕ್ಕೆ ಏಳು, ಬಲಕ್ಕೆ ಒಂದು, ಒತ್ತು. ದನಿ ಓದಿ ಹೇಳುವ ಮೊದಲೇ ಬೆರಳು ಮುಂದೆ ಓಡಿತ್ತು. ‘ಡಾಕ್ಟ್ರೇ, ಹೆರಿಗೆ ಕೋಣೆಗೆ ತಕ್ಷಣ ಬನ್ನಿ’ ಎಂದುಬಿಟ್ಟರು. 

‘ಬರ್ತೀನಕ್ಕ’ ಎಂದಿತು ಒಂದು ಗಂಡುದನಿ. ‘ಆದ್ರೆ ನಾನು ಬಟ್ಟೆ ಒಗೆಯೋನು. ಬಂದು ಏನ್ ಮಾಡ್ಲಿ ಹೇಳಿ.’

ಎರಡನೆಯ ಸಲ ಒತ್ತಿದಾಗ ಸಿಕ್ಕಿದ್ದು ಜನರೇಟರ್ ಕೋಣೆ. ಮೂರನೆಯ ಸಲಕ್ಕೆ ಡಾಕ್ಟರು. ಅಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಮಗು ಯಾರಿಗೂ ಕಾಯದೆ ತಾನೇ ಅತ್ತು ಉಸಿರಾಡಲು ಶುರುಮಾಡಿತ್ತು. ತಾಯಿಯೂ ಕ್ಷೇಮ. ಬಟ್ಟೆ ಒಗೆಯುವವನ ಮಾತು ಮಧ್ಯಾಹ್ನದ ಹೊತ್ತಿಗೆ ಎಲ್ಲ ಮಹಡಿ ಹತ್ತಿ ಇಳಿಯಿತು. ‘ಎಲ್ಲರೂ ನಕ್ಕರು. ಅವನು ಹೇಳಿದ್ದು ನಗೋ ಮಾತೇ. ನಂಗೆ ಮಾತ್ರ ನಗು ಬರಲಿಲ್ಲ. ನಾಲ್ಕು ನಿಮಿಷ ಅಂದ್ರೆ ಎಷ್ಟು ಉದ್ದ ಅಂತ ಈ ಕುರ್ಚಿಯಲ್ಲಿ ಕೂತೋರಿಗೇ ಗೊತ್ತು’ ಎನ್ನುತ್ತಾರೆ ಸೊನ್ನೆಯಕ್ಕ.

ಆಸ್ಪತ್ರೆಯ ಮೇಲಧಿಕಾರಿ ಕೆಟ್ಟವರಲ್ಲ. ಆದರೆ ಅವರ ಮೇಜಿನ ಮೇಲೆ ಆ ನಾಲ್ಕು ನಿಮಿಷ ಬರಹದಲ್ಲಿತ್ತು. ಕರೆ ಮಾಡಿದವರ ಮಾತು ಮುಗಿದು ಸಂಪರ್ಕ ಸಿಗುವುದಕ್ಕೆ ಮೊದಲೆಲ್ಲ ಆರು ಸೆಕೆಂಡು ಹಿಡಿಯುತ್ತಿತ್ತು, ಈಗ ಇಪ್ಪತ್ತಾರು. ಅವರು ಹದಿನೈದು ದಿನ ಕೊಟ್ಟರು. ಕೊನೆಯ ಐದು ದಿನದ ಸರಾಸರಿ ಎಂಟು ಸೆಕೆಂಡಿನೊಳಗೆ ಬರಬೇಕು. ಬಾರದಿದ್ದರೆ ‘ಇದಕ್ಕಾಗಿ ಒಂದು ಒತ್ತಿ, ಅದಕ್ಕಾಗಿ ಎರಡು ಒತ್ತಿ’ ಎನ್ನುವ ಯಂತ್ರ ಬರುತ್ತದೆ. ಸೊನ್ನೆಯಕ್ಕ ಅದೇ ಸಂಬಳಕ್ಕೆ ಹಿಂದಿನ ಕಟ್ಟಡದಲ್ಲಿ ಬ್ಯಾಂಡೇಜು ಮಡಚುವ ಕೆಲಸಕ್ಕೆ ಹೋಗಬೇಕು. ‘ಸಂಬಳ ಅಷ್ಟೇ ಇರುತ್ತೆ ಅಂತ ನಾಲ್ಕು ಸಲ ಹೇಳಿದ್ರು ಪಾಪ’ ಎಂದು ಅವರು ನೆನೆಯುತ್ತಾರೆ. ‘ಆದ್ರೆ ಅಲ್ಲಿ ಯಾರೂ ಹಲೋ ಅನ್ನಲ್ಲ.’

ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಎಲ್ಲರೂ ಅವರನ್ನು ಈಗಲೂ ಮೇಷ್ಟ್ರು ಎಂದೇ ಕರೆಯುತ್ತಾರೆ. ಹಳೆಯದಕ್ಕೆ ಮರಳಿ ಹೋಗಲು ದಾರಿಯಿಲ್ಲ, ತಯಾರಿಸಿದವರೇ ಅದರ ಕೈಬಿಟ್ಟಿದ್ದಾರೆ ಎಂದು ಅವರು ವಿವರಿಸಿದರು. ಕಣ್ಣಿಗೆ ಚೆಂದ ಕಾಣಲಿ ಅಂತ ಹೀಗೆ ಮಾಡಿದ್ದಾರಕ್ಕ ಎಂದೂ ಸೇರಿಸಿದರು.

‘ಯಾರ ಕಣ್ಣಿಗೆ ಮೇಷ್ಟ್ರೇ?’ ಎಂದು ಇವರು ಕೇಳಿದರಂತೆ. 

ಆ ದಿನಗಳಲ್ಲಿ ಕನಸೂ ಕೆಟ್ಟಿತು. ಮನೆ ಇತ್ತು, ಗೋಡೆ ಇರಲಿಲ್ಲ. ಬಾಗಿಲುಗಳು ಕೈಯಿಟ್ಟ ಕಡೆಯಿಂದ ಮೀನಿನ ಹಾಗೆ ಜಾರಿ ಹೋಗುತ್ತಿದ್ದವು. ಎಲ್ಲೋ ಫೋನು ರಿಂಗಾಗುತ್ತಿತ್ತು, ನಡೆದಷ್ಟೂ ದೂರವಾಗುತ್ತಿತ್ತು. ಇದನ್ನು ಅವರು ಬೆಳಗಿನ ಚಹಾದ ಹೊತ್ತಿಗೆ ಅತ್ತಿಗೆಗೆ ಹೇಳುತ್ತಿದ್ದರು. ಅತ್ತಿಗೆ ಕೇಳಿ ಹೂಂಗುಟ್ಟಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು.

ಸೊನ್ನೆಯಕ್ಕ ಇರುವುದು ಅಣ್ಣ ಅತ್ತಿಗೆಯ ಜೊತೆ. ಅಣ್ಣ ಬಸ್ಸುಗಳ ಮೆಕ್ಯಾನಿಕ್, ಅತ್ತಿಗೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಆ ಮನೆಗೆ ಇಪ್ಪತ್ತು ವರ್ಷದಿಂದ ಒಂದು ನಿಯಮವಿದೆ, ಯಾವ ವಸ್ತುವೂ ಜಾಗ ಬಿಟ್ಟು ಕದಲಬಾರದು. ಕುರ್ಚಿ ಎಳೆದವರು ಮತ್ತೆ ಒಳಗೆ ತಳ್ಳಬೇಕು. ಸೌಟು ಮೂರನೆಯ ಮೊಳೆಗೇ. ಮದುವೆಯಾಗಿ ಬಂದ ವಾರದಲ್ಲಿ ಅತ್ತಿಗೆ ಒಮ್ಮೆ ನೀರಿನ ಕೊಡವನ್ನು ಒಂದು ಮಾರು ಸರಿಸಿ, ನಾದಿನಿ ಅದಕ್ಕೆ ಎಡವಿ ಬಿದ್ದು, ಮೊಣಕಾಲಿಗೆ ಹೊಲಿಗೆ ಬಿದ್ದಿತ್ತು. ಅದು ಕೊನೆ. ಆಮೇಲೆ ಏನನ್ನು ಸರಿಸಿದರೂ, ನಾದಿನಿ ಯಾವ ಕೋಣೆಯಲ್ಲಿದ್ದರೂ, ಅತ್ತಿಗೆ ಕೂಗಿ ಹೇಳುತ್ತಾರೆ.

ಗಡುವಿನ ಮೂರನೆಯ ದಿನ ಮಧ್ಯಾಹ್ನ ಸೊನ್ನೆಯಕ್ಕ ಮನೆಗೆ ಬಂದು ಚಹಾಕ್ಕೆ ಸಕ್ಕರೆ ತೆಗೆಯುತ್ತಿದ್ದರು. ಮನಸ್ಸು ಆಸ್ಪತ್ರೆಯಲ್ಲಿತ್ತು, ಕೈ ಮಾತ್ರ ತಾನಾಗಿ ಸಕ್ಕರೆಯ ಡಬ್ಬಿಗೆ ಹೋಗಿ ನಿಂತಿತು. ಅಲ್ಲೇ ಅವರಿಗೆ ಹೊಳೆಯಿತು. ‘ಆಸ್ಪತ್ರೆಯಲ್ಲಿ ಕಲಿಯೋಕೆ ಹೋದ್ರೆ ಆ ಕಡೆ ಯಾರದೋ ಜೀವ ಕಾಯ್ತಿರುತ್ತೆ. ಇಲ್ಲಿ ತಪ್ಪಿದ್ರೆ ಅಣ್ಣನ ನಾಲಿಗೆ ಕೆಡುತ್ತೆ, ಅಷ್ಟೇ.’ ಇಪ್ಪತ್ತು ವರ್ಷದ ನಿಯಮವನ್ನು ಮುರಿಯಲು ಅವರೇ ಅತ್ತಿಗೆಯನ್ನು ಕರೆದರು.

ಹೊಸ ಪರದೆಯಲ್ಲಿ ಮೂರು ಸಾಲು, ಸಾಲಿಗೆ ಆರು ಚೌಕ. ಅಡುಗೆಮನೆಯ ಕಪಾಟಿನಲ್ಲಿ ಮೂರು ಹಲಗೆ. ಮೇಷ್ಟ್ರು ಫೋನಿನಲ್ಲಿ ಒಂದೊಂದೇ ಚೌಕದ ಜಾಗ ಹೇಳಿದರು, ಅತ್ತಿಗೆ ಡಬ್ಬಿ ಜೋಡಿಸಿದರು. ತುರ್ತು ವಿಭಾಗಕ್ಕೆ ಏನಿಡಲಿ ಎಂದು ಅತ್ತಿಗೆ ಕೇಳಿದ್ದಕ್ಕೆ, ಯಾವುದು ಇಲ್ಲದಿದ್ದರೆ ಒಲೆ ಹಚ್ಚಿ ಪ್ರಯೋಜನವಿಲ್ಲವೋ ಅದು ಎಂದು ಉತ್ತರ ಬಂತು. ಹೀಗೆ ಉಪ್ಪು ತುರ್ತು ವಿಭಾಗವಾಯಿತು, ಮೇಲಿನ ಹಲಗೆಯಲ್ಲಿ ಎಡದಿಂದ ಮೂರನೆಯದು. ಸಕ್ಕರೆ ಮಕ್ಕಳ ವಿಭಾಗ. ಕರಿಮೆಣಸು ಹೆರಿಗೆ ಕೋಣೆ, ಅದನ್ನು ಆರಿಸಿದ್ದು ಮೂರು ಹೆತ್ತ ಅತ್ತಿಗೆ. ಮನೆಯಲ್ಲಿ ಹದಿನೆಂಟು ಬಗೆಯ ಸಾಮಾನು ಇರಲಿಲ್ಲ. ಉಳಿದ ಡಬ್ಬಿಗಳಿಗೆ ಗುಂಡಿ, ದಾರದ ಉಂಡೆ, ಅಣ್ಣನ ಸ್ಕ್ರೂ ತುಂಬಿದರು. ಎಕ್ಸ್‌ರೇ ವಿಭಾಗ ಇವತ್ತಿಗೂ ಸ್ಕ್ರೂಗಳ ಡಬ್ಬಿಯೇ.

ಅಭ್ಯಾಸ ಮಧ್ಯಾಹ್ನ ಮೂರರಿಂದ ಐದು. ಅತ್ತಿಗೆ ಚಮಚದಿಂದ ಲೋಟಕ್ಕೆ ಬಡಿದರೆ ಅದು ಫೋನು. ಆಮೇಲೆ ಕರೆ ಮಾಡುವವರೂ ಅತ್ತಿಗೆಯೇ. ಗಂಡ ಮೆಟ್ಟಿಲಿಂದ ಬಿದ್ದ ಎಂದು ಅಳುವ ಹೆಂಗಸಾದರು, ಸಿಡುಕಿನ ಮುದುಕರಾದರು, ಒಮ್ಮೆ ಮೂಳೆ ವಿಭಾಗ ಕೇಳಲು ಬಂದು ತಮ್ಮ ಓರಗಿತ್ತಿಯ ದೂರನ್ನು ಹತ್ತು ನಿಮಿಷ ಹೇಳಿದರು. ಮಾತು ಮುಗಿದ ಕೂಡಲೇ ಸೊನ್ನೆಯಕ್ಕ ಬೆರಳ ಗೆಣ್ಣಿನಿಂದ ಹಲಗೆ ಎಣಿಸಿ, ಡಬ್ಬಿ ಎಣಿಸಿ, ಮುಚ್ಚಳ ತಟ್ಟಬೇಕು. ಗೋಡೆಯ ಗಡಿಯಾರ ನೋಡಿ ಅತ್ತಿಗೆ ಸೆಕೆಂಡು ಎಣಿಸುತ್ತಿದ್ದರು. ತಪ್ಪಿದರೆ ಬಿಡುತ್ತಿರಲಿಲ್ಲ. ‘ಮಗು ಉಸಿರಾಡ್ತಿಲ್ಲ ಅಂದೆ, ನೀನು ಸ್ಕ್ರೂ ಕೊಟ್ಟೆಯಲ್ಲೇ’ ಎನ್ನುತ್ತಿದ್ದರು.

ಅಣ್ಣ ಆ ವಾರ ಎರಡು ಸಲ ಉಪ್ಪಿನ ಚಹಾ ಕುಡಿದರು. ಮೂರನೆಯ ಸಲ ಲೋಟ ಮೂಸಿ, ಇದು ಯಾವ ವಿಭಾಗದ್ದು ಎಂದು ಕೇಳಿ ಕುಡಿದರು. ಒಂದು ದಿನ ಅತ್ತಿಗೆ ತಾವೂ ಕಣ್ಣು ಮುಚ್ಚಿ ಪ್ರಯತ್ನಿಸಿ ಕರಿಮೆಣಸಿನ ಡಬ್ಬಿ ಕೆಡವಿದರು. ಅದರ ಬಗ್ಗೆ ಅವರು ಹೇಳುವುದು ಇಷ್ಟೇ: ‘ಇವಳಿಗೆ ಕಣ್ಣು ಕಾಣಲ್ಲ ಅಂತ ಮರೆತೇ ಹೋಗಿತ್ತು. ಅವತ್ತು ನೆನಪಾಯ್ತು. ಮಾರನೇ ದಿನ ಮತ್ತೆ ಮರೆತೆ.’

ಆಸ್ಪತ್ರೆಯಲ್ಲಿ ಸಂಖ್ಯೆ ಇಳಿಯುತ್ತ ಬಂತು. ಇಪ್ಪತ್ತೊಂದು. ಹದಿನೇಳು. ಮತ್ತೆ ಹತ್ತೊಂಬತ್ತು. ಹನ್ನೊಂದನೆಯ ದಿನದ ಬೆಳಗಿನ ಜಾವ ಕನಸು ಬಂತು. ಅವರು ಅಡುಗೆಮನೆಯಲ್ಲಿದ್ದಾರೆ. ಎಲ್ಲವೂ ಆ ಬಕೆಟ್ಟಿನ ಹಳದಿ ಬಣ್ಣದಲ್ಲಿ ಮುಳುಗಿದೆ, ಕಪಾಟಿನ ಹಲಗೆಗಳು ನೀರಿನ ಮೇಲೆ ತೇಲುತ್ತಿವೆ, ಆದರೂ ಒಂದಕ್ಕೊಂದು ದೂರ ಸರಿಯುತ್ತಿಲ್ಲ. ಫೋನು ರಿಂಗಾಗುತ್ತದೆ. ದನಿ ಬರುತ್ತಿರುವುದು ಉಪ್ಪಿನ ಡಬ್ಬಿಯಿಂದ. ಮುಚ್ಚಳ ತೆಗೆದರೆ ಒಳಗಿನಿಂದ ಯಾರೋ ‘ತುರ್ತು ವಿಭಾಗ, ಹೇಳಿ ಅಕ್ಕ’ ಎನ್ನುತ್ತಾರೆ. ನಗುತ್ತಲೇ ಎದ್ದೆ ಎನ್ನುತ್ತಾರೆ ಸೊನ್ನೆಯಕ್ಕ. ಅಂದು ಮೊದಲ ಕರೆ ಬಂದಾಗ ಎಡಗಿವಿಯ ದನಿ ಬಾಯಿ ತೆರೆಯುವ ಮುನ್ನ ಬೆರಳು ಹೋಗಿ ನಿಂತಿತ್ತು, ಸರಿಯಾದ ಚೌಕದ ಮೇಲೆ.

ಕೊನೆಯ ಐದು ದಿನದ ಸರಾಸರಿ ಏಳೂವರೆ ಸೆಕೆಂಡು. ಮೇಲಧಿಕಾರಿ ಕಾಗದ ನೋಡಿ, ತಾವೇ ಸೊನ್ನೆ ಒತ್ತಿ, ಕುರ್ಚಿ ನಿಮ್ಮದೇ ಅಂದರು. ಆದರೆ ಆರು ತಿಂಗಳಿಗೊಮ್ಮೆ ನೋಡುತ್ತೇವೆ ಎಂದೂ ಹೇಳಿದರು. ಬ್ಯಾಂಡೇಜು ಮಡಚುವ ಕೋಣೆಯ ಖಾಲಿ ಸ್ಟೂಲು ಇನ್ನೂ ಅಲ್ಲೇ ಇದೆ. ಹಳೆಯ ಆರು ಸೆಕೆಂಡು ಮತ್ತೆ ಬಂದಿಲ್ಲ. ಬರುವುದಿಲ್ಲ ಎಂದು ಸೊನ್ನೆಯಕ್ಕನಿಗೆ ಗೊತ್ತು. ಹೊಸ ವ್ಯವಸ್ಥೆಯ ಜೊತೆ ಬಂದ ಎಡಗಿವಿಯ ದನಿ ತುಂಬ ಮರ್ಯಾದಸ್ಥೆ, ಪ್ರತಿ ಮಾತಿಗೂ ಮೊದಲು ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದು ಅವರ ದೂರು.

ಈಗ ಕೋಣೆಗೆ ಪೂರ್ತಿ ಬೆಳಕು ಬಂದಿದೆ. ಗೋಡೆಗೆ ನಿನ್ನೆ ಅಂಟಿಸಿದ ಒಂದು ಸೂಚನೆಯಿದೆ, ಕಂಪ್ಯೂಟರುಗಳಲ್ಲಿ ಮುಂದಿನ ಭಾನುವಾರ ಇನ್ನಷ್ಟು ಸುಧಾರಣೆ ಎಂದು. ಅದನ್ನು ಇವರಿಗಾಗಿ ಯಾರೂ ಓದಿರಲಿಲ್ಲ. ಈ ಬೆಳಿಗ್ಗೆ ನೆಲ ಒರೆಸುವಾಕೆ, ಇದೇನೋ ಹೊಸ ಕಾಗದ ಅಕ್ಕ ಎನ್ನುತ್ತ ಓದಿ ಹೇಳಿದ್ದಾರೆ. ಸೊನ್ನೆಯಕ್ಕ ಮೇಷ್ಟ್ರಿಗೆ ಫೋನು ಮಾಡಿ ಚೌಕಗಳು ಎಲ್ಲೆಲ್ಲಿಗೆ ಹೋಗುತ್ತವೆ ಎಂದು ಕೇಳಿದ್ದಾರೆ. ಮೇಷ್ಟ್ರಿಗೂ ಗೊತ್ತಿಲ್ಲ. ಗೊತ್ತಾದ ಕೂಡಲೇ ಅತ್ತಿಗೆಗೆ ತಿಳಿಸುವುದಾಗಿ ಮಾತು ಕೊಟ್ಟಿದ್ದಾರೆ.

‘ಬದಲಾಯಿಸಬೇಡಿ ಅಂತ ನಾನು ಯಾರಿಗೂ ಹೇಳಲ್ಲ’ ಎನ್ನುತ್ತಾರೆ ಸೊನ್ನೆಯಕ್ಕ, ಹೆಡ್‌ಫೋನು ಸರಿಪಡಿಸಿಕೊಳ್ಳುತ್ತ. ‘ನಮ್ಮತ್ತಿಗೆ ಉಪ್ಪಿನ ಡಬ್ಬಿ ಒಂದು ಗೇಣು ಸರಿಸಿದ್ರೂ ಕೂಗಿ ಹೇಳ್ತಾಳೆ. ಅವರೂ ಹಾಗೆ ಒಂದು ಮಾತು ಕೂಗಿ ಹೇಳಿ ಸರಿಸಲಿ. ಮಿಕ್ಕಿದ್ದು ನಾವಿಬ್ಬರೂ ನೋಡ್ಕೋತೀವಿ.’

ಬಲಗಿವಿಯಲ್ಲಿ ಯಾರೋ ಮಾತಾಡುತ್ತಾರೆ. ಅವರು ಗೋಡೆಯ ಕಡೆ ತಿರುಗುತ್ತಾರೆ. ಮೇಲಿನ ಹಲಗೆ, ಎಡದಿಂದ ಮೂರನೆಯದು.