ಕೊಡೆ ಬೇಡವೆಂದ ಕ್ಯಾಮೆರಾ

ನಮ್ಮ ಅತ್ತಿಗೆಗೆ ಹೊಟ್ಟೆಕಿಚ್ಚು ಹತ್ತಿದ್ದು ಒಬ್ಬ ಹೆಂಗಸಿನ ಮೇಲಾಗಿದ್ದರೆ ಮನೆಯವರೆಲ್ಲ ಸೇರಿ ಅಣ್ಣನಿಗೆ ಬೈದು ದಾರಿಗೆ ತರುತ್ತಿದ್ದೆವು. ಹತ್ತಿದ್ದು ಒಂದು ಕ್ಯಾಮೆರಾದ ಮೇಲೆ. ಯಾರಿಗೆ ಅಂತ ಬೈಯುವುದು?

ಅಣ್ಣ ಪತ್ರಿಕೆಯ ಫೋಟೊಗ್ರಾಫರ್. ಮಳೆ ಜಾಸ್ತಿ ಇರುವ ಊರು ನಮ್ಮದು. ಅವನ ಹಳೆಯ ಕ್ಯಾಮೆರಾಕ್ಕೋ ನಾಲ್ಕು ಹನಿ ಬಿದ್ದರೆ ನೆಗಡಿ. ಹಾಗಾಗಿ ಮದುವೆಯಾದ ಹೊಸದರಲ್ಲೇ ಅತ್ತಿಗೆ ಒಂದು ದೊಡ್ಡ ಕರಿ ಕೊಡೆ ಹಿಡಿದು ಅವನ ಹಿಂದೆ ನಿಂತರು. ನಿಂತವರು ನಿಂತೇ ಇದ್ದರು. ರಸ್ತೆಗೆ ನೀರು ನುಗ್ಗಲಿ, ಕಾರ್ಖಾನೆಯ ಗೇಟಿನಲ್ಲಿ ಕಾರ್ಮಿಕರು ಧರಣಿ ಕೂರಲಿ, ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹಾಜರು. ಅತ್ತಿಗೆಯ ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಮೆತ್ತನೆಯ ಬಟ್ಟೆ. ಎರಡು ಮೂರು ಫೋಟೊ ಆಗುತ್ತಲೇ ಕೈ ಮುಂದೆ ಚಾಚಿ ಲೆನ್ಸಿನ ಗಾಜು ಒರೆಸುತ್ತಿದ್ದರು; ಅಣ್ಣ ಕ್ಯಾಮೆರಾದಿಂದ ಕಣ್ಣು ಕೀಳದೆ ಕಾಯುತ್ತಿದ್ದ. ಜನ 'ಕೊಡೆ ದಂಪತಿ' ಎಂದು ಆಡಿಕೊಳ್ಳುತ್ತಿದ್ದರು. ಅತ್ತಿಗೆಗೆ ಅದೇ ಬಿರುದು. ಮನೆಯಲ್ಲಿ ತುಟಿ ಬಿಚ್ಚದ ಆ ಮನುಷ್ಯನ ಜೊತೆ ಅವರು ಸಂಸಾರ ಮಾಡಿದ್ದೆಲ್ಲ ಆ ಕೊಡೆಯ ಕೆಳಗೇ ಎಂದರೂ ತಪ್ಪಿಲ್ಲ.

ಹೀಗಿರುವಾಗ ಬಂತು ಹೊಸ ಡಿಎಸ್‌ಎಲ್‌ಆರ್ ಕ್ಯಾಮೆರಾ. ಅಣ್ಣ ಅದನ್ನು ಊಟದ ಮೇಜಿನ ಮೇಲಿಟ್ಟು, ಹಸುಗೂಸಿನ ಕೈಕಾಲು ತೋರಿಸುವವನಂತೆ ಒಂದೊಂದೇ ತೋರಿಸಿದ.

"ನೋಡು, ಮೈಯೆಲ್ಲ ಲೋಹ. ಪ್ರತಿ ಗುಂಡಿ ಕೆಳಗೂ ರಬ್ಬರ್. ಬ್ಯಾಟರಿ ಬಾಗಿಲಿಗೆ ರಬ್ಬರ್, ಕಾರ್ಡ್ ಬಾಗಿಲಿಗೆ ರಬ್ಬರ್, ಲೆನ್ಸ್ ಕೂರೋ ಜಾಗದಲ್ಲೂ ಒಂದು ರಬ್ಬರ್ ಉಂಗುರ. ಧೂಳೂ ಹೋಗಲ್ಲ, ನೀರೂ ಹೋಗಲ್ಲ. ಮಳೆ ಬಿದ್ರೂ ಇದಕ್ಕೇನೂ ಆಗಲ್ಲ ಕಣೇ!"

"ನನ್ನ ಕುಕ್ಕರಿಗೂ ರಬ್ಬರ್ ಇದೆ," ಅಂದರು ಅತ್ತಿಗೆ. "ಅದನ್ನ ಯಾರೂ ತೊಡೆ ಮೇಲೆ ಕೂರಿಸ್ಕೊಂಡು ಮುದ್ದು ಮಾಡಲ್ಲ."

ನಾನು ನಕ್ಕೆ. ಅಣ್ಣ ನಗಲಿಲ್ಲ, ಅವನ ಕಿವಿಗೆ ಬಿದ್ದದ್ದೇ ಅನುಮಾನ.

ಅಂದಿನಿಂದ ಆ ಕ್ಯಾಮೆರಾಕ್ಕೆ 'ಮಹಾರಾಣಿ' ಎಂದೇ ಹೆಸರಾಯಿತು. ಅಣ್ಣ ಒದ್ದೆ ಬಟ್ಟೆಯಿಂದ ಅದರ ಮೈ ಒರೆಸುತ್ತಿದ್ದರೆ "ಮಹಾರಾಣಿಯವರ ಸ್ನಾನ ಆಯ್ತಾ?" ಎಂದು ಅತ್ತಿಗೆ ಅಡುಗೆಮನೆಯಿಂದ ಕೇಳುತ್ತಿದ್ದರು. ಮೊದಮೊದಲು ನನಗೆ ತಮಾಷೆ ಅನಿಸಿತ್ತು. ಬರಬರುತ್ತ ಆ ಮಾತಿನಲ್ಲಿ ನಗುವಂಥದ್ದೇನೂ ಉಳಿಯಲಿಲ್ಲ.

ಫುಟ್‌ಬಾಲ್ ಫೈನಲ್ ದಿನ ಬೆಳಗಿನಿಂದಲೇ ಧೋ ಎಂದು ಮಳೆ. ಅತ್ತಿಗೆ ಎಂದಿನಂತೆ ಚಪ್ಪಲಿ ಮೆಟ್ಟಿ, ಕೊಡೆ ಹಿಡಿದು ಬಾಗಿಲಲ್ಲಿ ನಿಂತರು.

"ನೀನ್ಯಾಕೆ ಸುಮ್ನೆ ನೆನೀತೀಯ? ಆರಾಮಾಗಿ ಮನೇಲಿರು," ಅಂದ ಅಣ್ಣ. ಪ್ರೀತಿಯಿಂದಲೇ ಅಂದ, ದಡ್ಡ. ಕ್ಯಾಮೆರಾದ ಚೀಲವನ್ನು ಸ್ಕೂಟರಿನ ಹಿಂದಿನ ಸೀಟಿಗೆ ಕಟ್ಟಿಕೊಂಡು ಹೊರಟೇಹೋದ.

"ನನ್ನ ಜಾಗದಲ್ಲೇ ಕೂರಿಸ್ಕೊಂಡು ಹೋದ್ರು, ನೋಡಿದ್ಯಾ?" ಅತ್ತಿಗೆಯ ಮುಖ ಕೆಂಪೇರಿತ್ತು.

ಸುಮ್ಮನೆ ಕೂರುವ ಜೀವವೇ ಅದು? ಸ್ವಲ್ಪ ಹೊತ್ತಿನಲ್ಲೇ ನನ್ನನ್ನೂ ಎಳೆದುಕೊಂಡು ಮೈದಾನಕ್ಕೆ ನಡೆದರು. ತಂತಿಬೇಲಿಗೆ ಅಂಟಿಕೊಂಡು ನಿಂತೆವು. ಅಣ್ಣ ಕೂಗಳತೆಯಲ್ಲೇ ಇದ್ದ; ಇತ್ತ ತಿರುಗಿದರೆ ತಾನೇ? ಕೆಸರಿನಲ್ಲಿ ಮೊಣಕಾಲೂರುತ್ತಿದ್ದ, ಬೋರಲು ಮಲಗುತ್ತಿದ್ದ, ಎದ್ದು ಗೆರೆಯುದ್ದಕ್ಕೂ ಓಡುತ್ತಿದ್ದ, ತನ್ನಷ್ಟಕ್ಕೇ ನಗುತ್ತಿದ್ದ. ಕೊಡೆಯ ಕೆಳಗೆ ಕದಲದೆ ನಿಲ್ಲುತ್ತಿದ್ದ ನನ್ನ ಅಣ್ಣ ಹೀಗೆ ಓಡಬಲ್ಲ ಎಂದು ನನಗೇ ಗೊತ್ತಿರಲಿಲ್ಲ.

"ನನ್ನ ಜೊತೆ ಒಂದು ದಿನಾನಾದ್ರೂ ಹೀಗೆ ನಕ್ಕಿದ್ರಾ?" ಅತ್ತಿಗೆ ಬೇಲಿಯ ತಂತಿಯನ್ನು ಹಿಸುಕುತ್ತಿದ್ದರು.

ಆಟ ಮುಗಿಯುತ್ತ ಬಂದಾಗ ಅಣ್ಣ ನಮ್ಮ ಹತ್ತಿರಕ್ಕೇ ಬಂದು ಕೂತ. ಕ್ಯಾಮೆರಾವನ್ನು ತೊಡೆಯ ಮೇಲೆ ಆಕಾಶ ನೋಡುವಂತೆ ಇಟ್ಟುಕೊಂಡು ತನ್ನ ಮುಖ ಒರೆಸಿಕೊಂಡ. ಲೆನ್ಸ್ ಒರೆಸಲಿಲ್ಲ.

"ಗಾಜಿನ ಮೇಲೆ ನೀರು ನಿಂತಿದೆ," ಅಂದರು ಅತ್ತಿಗೆ, ಮೆಲ್ಲಗೆ.

"ಕೂಗಿ ಹೇಳಿ ಅತ್ತಿಗೆ!"

"ಯಾಕೆ? ಮಳೆ ಬಿದ್ರೂ ಅದಕ್ಕೇನೂ ಆಗಲ್ವಂತಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಗೋಲು. ಮೈದಾನವೇ ಎದ್ದು ಕುಣಿಯಿತು. ನನ್ನ ದನಿ ಯಾರಿಗೆ ಕೇಳಬೇಕು? ಗೋಲು ಹೊಡೆದವನು ನೇರ ಅಣ್ಣನತ್ತ ಓಡಿ ಬಂದು, ಕೈ ಚಾಚಿ, ಅಳುತ್ತ ಮೊಣಕಾಲೂರಿದ. ಫೋಟೊಗ್ರಾಫರನ ಜನ್ಮದಲ್ಲಿ ಅಂಥದ್ದು ಒಮ್ಮೆ ಸಿಕ್ಕರೆ ಪುಣ್ಯ. ಅಣ್ಣ ಗುಂಡಿ ಒತ್ತಿದ್ದೇ ಒತ್ತಿದ್ದು.

ಸಂಜೆ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಫೋಟೊ ತೆರೆದ. ಮುಖಪುಟಕ್ಕೆ ಈ ಫೋಟೊ ಕೊಡುವುದಾಗಿ ಪತ್ರಿಕೆಗೆ ಆಗಲೇ ಹೇಳಿಬಿಟ್ಟಿದ್ದ. ಕ್ಯಾಮೆರಾದ ಒಳಗೆ ಒಂದು ಹನಿಯೂ ಹೋಗಿರಲಿಲ್ಲ, ರಬ್ಬರ್ ತನ್ನ ಕೆಲಸ ಮಾಡಿತ್ತು. ಆದರೆ ಆಟಗಾರನ ಮುಖವಿರಬೇಕಾದ ಕಡೆ ಮಸುಕು ಮಸುಕಾದ ಬಿಳಿ ಕಲೆ. ಮುಂದಿನದರಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಗಾಜು ಒರೆಸುವುದು ಅವನ ಅಭ್ಯಾಸದಲ್ಲೇ ಇರಲಿಲ್ಲ. ಒರೆಸುವ ಕೈ ಇಷ್ಟು ವರ್ಷ ಹಿಂದಿನಿಂದ ತಾನಾಗಿ ಬರುತ್ತಿತ್ತು.

ಅತ್ತಿಗೆಯ ತುಟಿಯಂಚಿನಲ್ಲಿ ನಗು ಸುಳಿದದ್ದನ್ನು ನಾನು ನೋಡಿದೆ, ಸುಳ್ಳು ಹೇಳಲಾರೆ. ಆಮೇಲೆ ಅವರು ಅಣ್ಣನ ಮುಖ ನೋಡಿದರು. ಪೆಚ್ಚಾಗಿ ಕೂತಿದ್ದ.

"ನಂದೇ ತಪ್ಪು," ಅಂದ. "ರಬ್ಬರ್ ರಬ್ಬರ್ ಅಂತ ಮೆರೆದೆ. ನೀನಿದ್ದಿದ್ರೆ ಹೀಗಾಗ್ತಿರಲಿಲ್ಲ ಕಣೇ. ನಾಳೆಯಿಂದ ನೀನೂ ಬಾ."

ಅಷ್ಟು ದಿನದಿಂದ ಅತ್ತಿಗೆ ಕಾದಿದ್ದು ಇದೇ ಮಾತಿಗೆ. ಹೂಂ ಅಂದಿದ್ದರೆ ಮುಗಿಯುತ್ತಿತ್ತು; ನಾನಂತೂ ಬಾಯಿ ಬಿಡುತ್ತಿರಲಿಲ್ಲ. ಅವರು ಕುರ್ಚಿಯ ಬೆನ್ನು ಹಿಡಿದು ನಿಂತರು.

"ಇದ್ದೆ ರೀ. ಬೇಲಿ ಹತ್ರಾನೇ ಇದ್ದೆ. ನೀರು ನಿಂತಿದ್ದನ್ನ ನೋಡಿದೆ. ಕೂಗಲಿಲ್ಲ."

ಅಣ್ಣ ತಿರುಗಿ ಅವರ ಮುಖವನ್ನೇ ನೋಡಿದ. "ಯಾಕೆ?"

"ಕೂಗಿದ್ರೆ ಫೋಟೊ ಚೆನ್ನಾಗಿ ಬರ್ತಿತ್ತು," ಅಂದರು ಅತ್ತಿಗೆ. "ಆಮೇಲೆ ನೀವು ನನ್ನನ್ನ ಯಾವತ್ತೂ ಕರೀತಿರಲಿಲ್ಲ."